ನಾಲ್ಕು ನಿಮಿಷದ ಮೆರವಣಿಗೆ

ಹುನಗುಂದದ ಕ್ಲಾರಿನೆಟ್ ಯಂಕಪ್ಪ ತನ್ನ ಬ್ಯಾಂಡ್ ಕಂಪನಿ ಮುಳುಗಿದ್ದಕ್ಕೆ ಮೊದಮೊದಲು ಜನರ ಕಿವಿಯನ್ನು ದೂರುತ್ತಿದ್ದ. ಆಮೇಲೆ ಕಾಲವನ್ನು ದೂರಿದ. ಹತ್ತು ವರ್ಷ ಕಳೆಯುವಷ್ಟರಲ್ಲಿ ದೂರಲು ತಾನೊಬ್ಬನೇ ಉಳಿದಿದ್ದ.

ಎಪ್ಪತ್ನಾಲ್ಕರಲ್ಲಿ ಅವನೊಂದು ದೊಡ್ಡ ಧಾಟಿ ಕಟ್ಟಿದ್ದ. ಐದು ರಾಗ, ಏಳು ಸಲ ತಾಳ ಬದಲು. ಇಳಕಲ್ಲಿನ ಮದುವೆಯೊಂದರಲ್ಲಿ ಮೆರವಣಿಗೆ ಹಂದರದ ಬಾಗಿಲಿಗೆ ಬಂದಾಗ ಅದು ಇನ್ನೂ ಮೂರನೆಯ ರಾಗದಲ್ಲಿತ್ತು. ಬ್ಯಾಂಡು ನಿಲ್ಲದೆ ಆರತಿ ಇಲ್ಲ, ಆರತಿಯಾಗದೆ ಮದುಮಗ ಒಳಗೆ ಹೋಗುವಂತಿಲ್ಲ. ಯಂಕಪ್ಪ ಕಣ್ಣು ಮುಚ್ಚಿ ನುಡಿಸಿದ. ತೆರೆದಾಗ ಅಕ್ಕಿಕಾಳಿನ ಮುಹೂರ್ತ ಮೀರಿತ್ತು.

"ನೀವು ಬಾರಸೂದು ಭಾಳ ಚಂದ ಐತ್ರಿ ಮಾಸ್ತರ," ಅಂದಳು ಹೆಣ್ಣಿನ ಅಜ್ಜಿ ಬೋರವ್ವ. "ನಮ್ಮ ಹುಡುಗಿ ಮುದುಕಿ ಆಗೂದ್ರಾಗ ಮುಗಸ್ರಿ."

ಆ ಮಾತು ಬಸ್ಸಿಗಿಂತ ಮೊದಲೇ ಹುನಗುಂದ ಮುಟ್ಟಿತು. ಮದುವೆಗೆ ಕರೆಯುವವರು ನಿಂತರು. ಡ್ರಮ್ ಬಾರಿಸುತ್ತಿದ್ದ ಗೆಳೆಯ ಅಕ್ಬರಸಾಬ ಬಾದಾಮಿಗೆ ಹೋಗಿ ಸೈಕಲ್ ಅಂಗಡಿ ಇಟ್ಟ. ಯಂಕಪ್ಪ ಸೀರೆ ಮಗ್ಗಕ್ಕೆ ಕೂತ. ಮಗ್ಗ ಅವನಿಗಿಂತ ಚೆನ್ನಾಗಿ ತಾಳ ಹಿಡಿಯುತ್ತಿತ್ತು.

ಎಂಬತ್ತೈದರಲ್ಲಿ ಬಾಗಲಕೋಟೆಯ ಕ್ಯಾಸೆಟ್ ಅಂಗಡಿಯ ಅಮಾತೆಪ್ಪ ಹೇಳಿಕಳಿಸಿದ: ಮದುವೆ ಬ್ಯಾಂಡಿನದೊಂದು ಕ್ಯಾಸೆಟ್ ಮಾಡೋಣ. ಹತ್ತು ಧಾಟಿ, ಒಂದೊಂದೂ ನಾಲ್ಕೇ ನಿಮಿಷ, ಮಂದಿ ಗುನುಗುವಂಥವು. ಅದನ್ನು ಕೇಳಿದವರು ಮತ್ತೆ ಮದುವೆಗೆ ಕರೆದಾರು. ಹಳೆಯ ಬ್ಯಾಂಡಿನ ಉಳಿದ ನಾಲ್ವರು ಒಂದೇ ಮಾತಿಗೆ ಒಪ್ಪಿದರು. ಆದರೆ ಅಕ್ಬರಸಾಬ ಇಲ್ಲದೆ ಬ್ಯಾಂಡಿಲ್ಲ. ಹಿಂದೆ ಯಂಕಪ್ಪ ಡ್ರಮ್ಮಿಗೆ ಬೇರೆ ಇಬ್ಬರನ್ನು ಹಚ್ಚಿ ನೋಡಿದ್ದ. ಇಬ್ಬರೂ ಅವನನ್ನು ಮಾಸ್ತರ ಅಂದರೇ ಹೊರತು ಒಮ್ಮೆಯೂ ಬೈಯಲಿಲ್ಲ. ಅವರು ಬಾರಿಸಿದ್ದೂ ಹಾಗೇ ಇತ್ತು.

ಬಾದಾಮಿಗೆ ಹುಡುಕಿಕೊಂಡು ಬಂದ ಯಂಕಪ್ಪನನ್ನು ಅಕ್ಬರಸಾಬ ಪಂಕ್ಚರ್ ಹಚ್ಚುತ್ತ ತಲೆ ಎತ್ತದೆ ಕೇಳಿದ. "ನಾಕ ನಿಮಿಷದಾಗ ನೀ ಪೀಪಿ ಒರಸೂದರ ಮುಗೀತೈತೇನಲೇ?"

"ಮುಗಸ್ತೇನಿ."

"ಇದೊಂದಕ್ಕ ಬರ್ತೇನಿ. ಮತ್ತ ಕಣ್ಣ ಮುಚ್ಚಿದಿ ಅಂದ್ರ ಅದ ಕಡೀದು. ಡ್ರಮ್ಮಿನ ತೊಗಲ ಬಿಚ್ಚಿ ಸೈಕಲ್ ಸೀಟಿಗೆ ಹೊಲಸ್ತೇನಿ."

ರೆಕಾರ್ಡಿಂಗಿಗೆಂದು ಅಮಾತೆಪ್ಪನ ಅಂಗಡಿಯ ಹಿಂದಿನ ಕೋಣೆಯ ಗೋಡೆಗೆಲ್ಲ ಗೋಣಿಚೀಲ ಹೊಡೆದಿದ್ದರು. ಮೊದಲ ಧಾಟಿ ಆರು ನಿಮಿಷ ದಾಟಿತು. ಯಂಕಪ್ಪ ಕಣ್ಣು ಬಿಟ್ಟುಕೊಂಡೇ ಇದ್ದ. ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯಲಿಲ್ಲ. ಮೊದಲಿನಿಂದಲೂ ನಡೆಯುತ್ತ ನುಡಿಸಿದವನು, ಹಂದರದ ಬಾಳೆಕಂಬ ಕಂಡರೆ ಧಾಟಿ ಇಳಿಸುತ್ತಿದ್ದವನು.

"ಮನಿ ಯಾವಾಗ ಬರ್ತೈತಿ ಅನ್ನೂದ ಗೊತ್ತಾಗವಲ್ದು," ಅಂದ.

ಅಕ್ಬರಸಾಬ ಸುತ್ತ ನೋಡಿದ. ರೊಟ್ಟಿ ಗಂಟು ಹಿಡಿದು ಜೊತೆಗೆ ಬಂದಿದ್ದ ಯಂಕಪ್ಪನ ಹೆಂಡತಿ ಇಂದ್ರವ್ವ ಮೂಲೆಯಲ್ಲಿ ಕೂತಿದ್ದಳು. "ವೈನಿ, ನೀವು ಬಾಗಲಾಗ ನಿಂದರ್ರಿ."

ಅಂಗಡಿಯ ದೇವರ ಮುಂದಿನ ಆರತಿ ತಟ್ಟೆ ಬಂತು. ಅಮಾತೆಪ್ಪ ಗಡಿಯಾರ ನೋಡಿ ಬೆರಳೆತ್ತಿದರೆ ಇಂದ್ರವ್ವ ತಟ್ಟೆ ಎತ್ತಬೇಕು. ಎತ್ತಿದಳು. ಯಂಕಪ್ಪನ ಬೆರಳುಗಳು ತಾವೇ ಷಡ್ಜಕ್ಕೆ ಇಳಿದು ನಿಂತವು. ಮೂವತ್ತು ವರ್ಷ ಪಳಗಿಸಿದ ಬೆರಳುಗಳು ಒಂದು ತಟ್ಟೆಗೆ ಇಷ್ಟು ಅಂಜುವುದನ್ನು ಕಂಡು ಅವನಿಗೇ ನಗು ಬಂತು. ಮಧ್ಯಾಹ್ನದೊಳಗೆ ಎಂಟು ಮುಗಿದವು.

ಒಂಬತ್ತನೆಯದು ಅರ್ಧಕ್ಕೆ ಬಂದಾಗ, ಅವನಿಗರಿವಿಲ್ಲದೆ, ಹಳೆಯ ಮೂರನೆಯ ರಾಗಕ್ಕೆ ಜಾರಿತು. ಇಂದ್ರವ್ವ ತಟ್ಟೆ ಎತ್ತಿದಳು. ಯಂಕಪ್ಪ ನೋಡಿದ. ಇನ್ನು ಕಣ್ಣು ಮುಚ್ಚುವುದಷ್ಟೇ ಬಾಕಿ. ಡ್ರಮ್ಮು ಮೆತ್ತಗಾಯಿತು, ಆದರೆ ನಿಲ್ಲಲಿಲ್ಲ. ಅಕ್ಬರಸಾಬ ನೆಲ ನೋಡುತ್ತ, ನಿಲ್ಲುವ ಮತ್ತು ಮುಂದುವರಿಯುವ ಎರಡೂ ದಾರಿ ತೆರೆದಿಟ್ಟು ಕಾಯುತ್ತಿದ್ದ. ಇಂದ್ರವ್ವ ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿದಳು, ಇಳಿಸಲಿಲ್ಲ. ಯಂಕಪ್ಪ ಆ ತಟ್ಟೆಯನ್ನೇ ನೋಡುತ್ತ, ನಿಧಾನಕ್ಕೆ, ಧಾಟಿ ಇಳಿಸಿದ.

"ಅರ್ಧಾ ಮಿನಿಟು ಹೆಚ್ಚಾತು. ಕತ್ತರಸ್ತೇನಿ," ಅಂದ ಅಮಾತೆಪ್ಪ.

"ಕತ್ತರಸಬ್ಯಾಡ್ರಿ," ಅಂದವನು ಅಕ್ಬರಸಾಬ. "ಅದು ಇರ್ಲಿ."

ಹತ್ತನೆಯದೂ ಮುಗಿದ ಮೇಲೆ, ಸಂಜೆ ಬಾದಾಮಿ ಬಸ್ಸಿಗೆ ಅಕ್ಬರಸಾಬ ಬರಿಗೈಯಲ್ಲಿ ಹತ್ತಿದ.

"ಡ್ರಮ್ಮು?"

"ಹೊತಗೊಂಡು ಹೋಗಿ ಮತ್ತ ಹೊತಗೊಂಡು ಬರಾಕ ನನಗೇನು ಹುಚ್ಚ ಹಿಡದೈತೇನಲೇ? ನಿನ್ನ ಮನ್ಯಾಗಿರ್ಲಿ. ಬಿಸಲಿಗೆ ಇಡಬ್ಯಾಡ."

ಹುನಗುಂದದ ಬಸ್ಸಿನಲ್ಲಿ ಯಂಕಪ್ಪ ಕ್ಲಾರಿನೆಟ್ಟನ್ನು ಇಂದ್ರವ್ವನ ಕೈಗೆ ಕೊಟ್ಟು, ಡ್ರಮ್ಮನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ.