ಬರಿಗೈ ಹಂಪಮ್ಮ

ಬಳ್ಳಾರಿಯ ಆ ಬೀಗದ ಆಸ್ಪತ್ರೆಯ ಸುದ್ದಿ ಯಾರಾದರೂ ಎತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬುದ್ಧಿ ಕೆಟ್ಟವರನ್ನು ಕೂಡಿಹಾಕುತ್ತಿದ್ದ ಆ ಕಟ್ಟಡದ ಗೇಟಿನಲ್ಲಿ ಹದಿನಾಲ್ಕು ವರ್ಷ ಕಾವಲು ನಿಂತವನು ನಾನು, ಸುಂಕಪ್ಪ. ನನ್ನ ಕಥೆ ಹಾಳಾಗಲಿ, ಕುರುಗೋಡಿನ ಹಂಪಮ್ಮನ ಕಥೆ ಕೇಳಿ.

ಹೆಂಗಸರ ವಾರ್ಡಿನಲ್ಲಿ ಆಕೆ ಆಯಾ. ಒಳಗೆ ಗಾಜಿನ ಬಳೆ ತೊಟ್ಟು ಹೋಗುವಂತಿರಲಿಲ್ಲ. ಒಡೆದ ಚೂರು ಯಾವಳ ಕೈಗಾದರೂ ಸಿಕ್ಕರೆ ಕತ್ತು ಕುಯ್ದುಕೊಂಡಾಳು ಎಂಬ ಭಯ. ದಿನಾ ಬೆಳಿಗ್ಗೆ ಹಂಪಮ್ಮ ಗೇಟಿನಲ್ಲಿ ಹಸಿರು ಬಳೆ ಕಳಚಿ ನನ್ನ ತಗಡಿನ ಡಬ್ಬಿಗೆ ಹಾಕುತ್ತಿದ್ದಳು, ಸಂಜೆ ತೊಟ್ಟುಕೊಂಡು ಮನೆಗೆ ಹೋಗುತ್ತಿದ್ದಳು. ಗಂಡ ಗುಂಡುಕಲ್ಲಿನಂತೆ ಇರುವಾಗ ಇದೇನು ಅನಿಷ್ಟ ಎಂದು ಅತ್ತೆ ಬೈದದ್ದು ಅಷ್ಟಿಷ್ಟಲ್ಲ. ಬಳೆ ಕಳಚಿದರೆ ಗಂಡ ಸಾಯುವುದಿಲ್ಲ, ಬಳೆ ಒಡೆದರೆ ಮೂಕಮ್ಮ ಸಾಯುತ್ತಾಳೆ ಎಂದು ಹಂಪಮ್ಮ ಉತ್ತರ ಕೊಡುತ್ತಿದ್ದಳು.

ಮೂಕಮ್ಮ ರಾರಾವಿ ಕಡೆಯ ಹುಡುಗಿ, ಇಪ್ಪತ್ತರ ಪ್ರಾಯ. ಒಂಟಿ ಬಿಟ್ಟರೆ ಗೋಡೆಗೆ ತಲೆ ಬಡಿದುಕೊಳ್ಳುವಳು, ಯಾರಾದರೂ ಪಕ್ಕದಲ್ಲಿ ಕೂತರೆ ಸುಮ್ಮನಿರುವಳು. ಆದರೆ ಕೂರುವವರು ಯಾರು? ಹಾಜರಿ ಪುಸ್ತಕದಲ್ಲಿ ಎಂಟು ಆಯಾಗಳ ಹೆಸರು, ನಿಜವಾಗಿ ಇದ್ದವರು ಇಬ್ಬರೇ. ಹಗಲಿಗೆ ಹಂಪಮ್ಮ, ರಾತ್ರಿಗೆ ವಿಧವೆ ಗಿಡ್ಡಮ್ಮ. ಮೂವತ್ತೆರಡು ಹೆಂಗಸರಿಗೆ ಉಣಿಸುವ ಹೊತ್ತಿನಲ್ಲಿ ಮೂಕಮ್ಮನನ್ನು ಕಂಬಕ್ಕೆ ಕಟ್ಟದೆ ಗತಿಯಿರಲಿಲ್ಲ. ಕಟ್ಟಿ ಬಂದು ಹಂಪಮ್ಮ ನನ್ನ ಮುಂದೆ ಅಳುತ್ತಿದ್ದಳು. ಜೊತೆಗೆ ಇನ್ನೊಬ್ಬಳು ಬಂದರೆ ಆ ಹಗ್ಗ ಬಿಚ್ಚಬಹುದಿತ್ತು. ಆಕೆಗೆ ಬೇಕಿದ್ದದ್ದು ಅಷ್ಟೇ.

ಸ್ವಾತಂತ್ರ್ಯ ಬಂದ ಎರಡನೇ ವರ್ಷ ಸರ್ಕಾರ ಆಸ್ಪತ್ರೆಯ ತಪಾಸಣೆಗೆ ಅಕ್ಕನಾಗಮ್ಮನನ್ನು ನೇಮಿಸಿತು. ಸಿರುಗುಪ್ಪದ ಮಗಳು, ಬಳ್ಳಾರಿಯ ಹತ್ತಿ ಸಾವ್ಕಾರನ ಹೆಂಡತಿ. ಮೊದಲ ಸಲ ಸುಮ್ಮನೆ ನೋಡಿಹೋಗಲು ಬಂದವಳು ಮೂಕಮ್ಮನ ಕೈಯಲ್ಲಿ ಹಗ್ಗ ಕೊರೆದ ಗಾಯ ಕಂಡು ಕಣ್ಣೀರು ಹಾಕಿದಳು. ಮುಂದಿನ ತಿಂಗಳು ಬಂದು ಎಲ್ಲ ಎಣಿಸಿ ಬರೆಯುತ್ತೇನೆ, ಇದ್ದದ್ದು ಇದ್ದಂತೆ ಹೇಳು, ನಿನ್ನ ಬೆನ್ನಿಗೆ ನಾನಿದ್ದೇನೆ ಎಂದು ಹಂಪಮ್ಮನ ಕೈ ಹಿಡಿದಳು. ಹಂಪಮ್ಮ ನಂಬಿದಳು. ಗೇಟಿನಲ್ಲಿದ್ದ ನಾನೂ ನಂಬಿದೆ.

ತಪಾಸಣೆಯ ದಿನ ಬೆಳಿಗ್ಗೆ ಹೆಡ್ ಗುಮಾಸ್ತ ಚಿದಾನಂದಪ್ಪ ಆರು ಜನ ಹೆಂಗಸರನ್ನು ಕರೆತಂದ. ಎಲ್ಲರಿಗೂ ಆಸ್ಪತ್ರೆಯ ನೀಲಿ ಅಂಚಿನ ಸೀರೆ. ಬಳೆ ಕಳಚಿ ಎಂದು ಡಬ್ಬಿ ಒಡ್ಡಿದೆ. ನನ್ನ ಗಂಡ ಇನ್ನೂ ಬದುಕಿದ್ದಾನೆ, ಬಾಯಿ ಮುಚ್ಚು ಎಂದು ಒಬ್ಬಳು ನನ್ನ ಮೇಲೇ ಬಂದಳು. ಚಿದಾನಂದಪ್ಪ ಬಿಡು ಎಂದು ಸನ್ನೆ ಮಾಡಿದ. ಅವರ ತಲೆಗೂದಲಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಅವರನ್ನು ದಾರಿಯಲ್ಲಿ ಎಷ್ಟೋ ಸಲ ಕಂಡಿದ್ದೆ. ಅಕ್ಕನಾಗಮ್ಮನ ಗಂಡನ ಜಿನ್ನಿನ ಗಿರಣಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವವರು.

ಓಡಿಹೋಗಿ ಹಂಪಮ್ಮನಿಗೆ ಹೇಳಬೇಕಿತ್ತು. ಹೇಳಲಿಲ್ಲ. ನೌಕರಿಯ ಹೆದರಿಕೆ, ಹೇಡಿತನ, ಏನು ಬೇಕಾದರೂ ಅನ್ನಿ.

ಪಾಪ, ಆಕೆಗೆ ಆವತ್ತು ಹಿಗ್ಗು. ಇಲ್ಲದ ಆರು ಜನರ ಸಂಬಳ ನುಂಗುವ ಕಳ್ಳತನ ತಾನಾಗಿ ಸಿಕ್ಕಿಬಿತ್ತೆಂದುಕೊಂಡಿದ್ದಳು. ಅಕ್ಕನಾಗಮ್ಮ ಒಳಗೆ ಕಾಲಿಟ್ಟೊಡನೆ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು.

“ಅಮ್ಮಾರ, ಮುಖ ನೋಡಬ್ಯಾಡ್ರಿ, ಕೈ ನೋಡ್ರಿ. ಬಳಿ ಇದ್ದೋರು ಯಾರೂ ಇಲ್ಲಿಯವರಲ್ಲ.”

ಅಕ್ಕನಾಗಮ್ಮ ಆರು ಜನರ ಕೈಯನ್ನೂ ನೋಡಿದಳು. ಆರು ಜನವೂ ತಮ್ಮ ಸಾವ್ಕಾರ್ತಿಯ ಮುಂದೆ ತಲೆ ತಗ್ಗಿಸಿದರು. ಅವಳು ಹಂಪಮ್ಮನ ಭುಜ ತಟ್ಟಿ ಆಫೀಸಿಗೆ ಹೋದಳು.

ಮರುದಿನ ಚಿದಾನಂದಪ್ಪ ತಪಾಸಣೆ ಪುಸ್ತಕ ತಂದು ಗೇಟಿನಲ್ಲೇ ಹಂಪಮ್ಮನಿಗೆ ಓದಿ ಹೇಳಿದ. ಆಯಾಗಳು ಎಂಟು ಜನ, ಸಾಕಷ್ಟು ಇದ್ದಾರೆ. ಗಂಡ ಬದುಕಿರುವಾಗಲೇ ಬರಿಗೈಯಲ್ಲಿ ಓಡಾಡುವ ಒಬ್ಬಳು ಮಾತ್ರ ಅಪಶಕುನದಂತಿದ್ದಾಳೆ, ಚಾಡಿಯನ್ನೂ ಹೇಳುತ್ತಾಳೆ, ಅವಳನ್ನು ತೆಗೆಯುವುದು ಒಳ್ಳೆಯದು. ಕೆಳಗೆ ದುಂಡಗಿನ ಸಹಿ. ತೂ! ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಗುಮಾಸ್ತ ಹೋದಮೇಲೆ ಹಂಪಮ್ಮ ನನ್ನ ಕಡೆ ತಿರುಗಿದಳು. ಆ ಹೆಂಗಸರು ಯಾರೆಂದು ಗಿಡ್ಡಮ್ಮ ಆಗಲೇ ಹೇಳಿದ್ದಳಂತೆ.

“ನಿಂಗ ಗೊತ್ತಿತ್ತೇನು, ಸುಂಕಪ್ಪಣ್ಣ?”

“ಗೊತ್ತಿತ್ತವ್ವ.”

 ಮುಖಕ್ಕೆ ಉಗಿದಿದ್ದರೆ ನನ್ನ ಪಾಪ ಸ್ವಲ್ಪ ಹಗುರಾಗುತ್ತಿತ್ತು. ಡಬ್ಬಿಯಿಂದ ಬಳೆ ತೆಗೆದು ಒಂದೊಂದಾಗಿ ತೊಟ್ಟುಕೊಳ್ಳತೊಡಗಿದಳು. ಅಷ್ಟರಲ್ಲಿ ಒಳಗಿನಿಂದ ಗೋಡೆಗೆ ತಲೆ ಬಡಿಯುವ ಸದ್ದು ಕೇಳಿಸಿತು. ಹಂಪಮ್ಮ ತೊಟ್ಟ ಬಳೆಗಳನ್ನು ಮತ್ತೆ ಕಳಚಿ ನನ್ನ ಕೈಗೆ ಕೊಟ್ಟು ವಾರ್ಡಿನ ಕಡೆ ಎರಡು ಹೆಜ್ಜೆ ಹಾಕಿದಳು. ಅವಳನ್ನು ಕೆಲಸದಿಂದ ತೆಗೆದಾಗಿದೆ, ಒಳಗೆ ಬಿಡಬೇಡ ಎಂದು ನನಗೆ ಹುಕುಂ ಆಗಿತ್ತು. ಅವಳ ಬಳೆ ಕೈಯಲ್ಲಿ ಹಿಡಿದುಕೊಂಡೇ ನಾನು ಅವಳ ಮುಂದೆಯೇ ಗೇಟು ಹಾಕಿದೆ.