ಮೂರನೆಯ ದಿನದ ಮದ್ದು

ಮೊಳಕಾಲ್ಮುರು ನೇಕಾರರ ಓಣಿಯಲ್ಲಿ ನಿರ್ಮಲಾಳ ಬಾಯಿಗೆ ಹೆದರದವರಿಲ್ಲ. ರೇಷ್ಮೆ ಕೊಡುವವನು ತೂಕ ತೋರಿಸಬೇಕು, ಕರೆಂಟು ತೆಗೆದ ಲೈನ್‌ಮ್ಯಾನ್ ಕಾರಣ ಹೇಳಬೇಕು. ಗಯ್ಯಾಳಿ ಎಂದು ಹಿಂದಿನಿಂದ ಬೈಯುವವರೇ ಕಚೇರಿಯಲ್ಲಿ ಕೆಲಸವಾಗಬೇಕಾದಾಗ ಅವಳನ್ನು ಮುಂದೆ ಬಿಟ್ಟುಕೊಂಡು ಹೋಗುತ್ತಿದ್ದರು.

ಗಂಡ ಮಾರುತೇಶನಿಗೆ ಕಾಮಾಲೆ ಜೋರಾಗಿ ಚಳ್ಳಕೆರೆಯ ಆಸ್ಪತ್ರೆಗೆ ಸೇರಿಸಿದ ಎರಡೇ ದಿನದಲ್ಲಿ ಅಲ್ಲಿಯವರಿಗೂ ಆ ಬಾಯಿಯ ಪರಿಚಯವಾಯಿತು. ವಾರ್ಡಿನ ಬಾಗಿಲಲ್ಲಿ ರೋಗಿಯ ಹಕ್ಕು, ಹೊಣೆಗಳ ಬೋರ್ಡು ತೂಗುತ್ತಿತ್ತು. ಮೇಲಿನರ್ಧ ಅವಳಿಗೆ ಬಾಯಿಪಾಠ. "ಏನ್ ಇಂಜೆಕ್ಷನ್ರೀ ಅದು? ಯಾಕೆ ಕೊಡ್ತೀರಿ? ಕೇಳೋ ಹಕ್ಕೈತೆ ನಮಗೆ" ಎಂದು ನರ್ಸ್ ತೇಜಶ್ರೀಯ ಬೆನ್ನು ಬಿದ್ದಿದ್ದಳು. ಕೆಳಗೆ, 'ವೈದ್ಯರಿಂದ ಏನನ್ನೂ ಮುಚ್ಚಿಡಬಾರದು' ಎಂಬ ಸಾಲಿಗೆ ಬಂದರೆ ಮಾತ್ರ ಕಣ್ಣು ಬೇರೆ ಕಡೆ ಜಾರುತ್ತಿತ್ತು.

ಅವಳ ಚೀಲದಲ್ಲಿ ಸಿದ್ದಾಪುರದ ಕಡೆಯ ನಾಟಿ ವೈದ್ಯ ಅಜ್ಜಪ್ಪ ಕೊಟ್ಟ ಸೊಪ್ಪಿನುಂಡೆಯಿತ್ತು. ಮೂರು ದಿನ ಬರಿಹೊಟ್ಟೆಯಲ್ಲಿ ಮಜ್ಜಿಗೆಗೆ ಕಲಸಿ ಕುಡಿಸಬೇಕು. ಬಾಯಿಬಿಟ್ಟರೆ ಮದ್ದಿನ ಗುಣ ಹೋಗುತ್ತದೆಂದು ಆತ ಆಣೆ ಹಾಕಿಸಿಕೊಂಡಿದ್ದ. ಸೇರಿಸಿದ ದಿನ ಡಾಕ್ಟರ್ ರವಿಕಿರಣ್, "ನಾಟಿ ಔಷಧಿ ಏನಾದ್ರೂ ಕೊಟ್ಟಿದ್ದೀರೇನಮ್ಮ?" ಎಂದಾಗ "ಇಲ್ಲ ಸಾರ್" ಎಂದುಬಿಟ್ಟಳು. ಅಷ್ಟರಲ್ಲಿ ಒಂದು ಉಂಡೆ ಹೊಟ್ಟೆ ಸೇರಿತ್ತು. ಮರುದಿನ ಎರಡನೆಯದನ್ನು ವಾರ್ಡಿನಲ್ಲೇ ಸೆರಗು ಮರೆಮಾಡಿ ಕುಡಿಸಿದಳು.

ಮೂರನೆಯ ಬೆಳಿಗ್ಗೆ ಮಾರುತೇಶನ ಮುಖ ಊದಿತ್ತು, ಮೂತ್ರ ಕಟ್ಟಿದಂತಾಗಿತ್ತು. ರಕ್ತ ಪರೀಕ್ಷೆ ನೋಡಿ, ಕಿಡ್ನಿಗೂ ಪೆಟ್ಟು ಬಿದ್ದಿದೆ ಎಂದರು. ನಿರ್ಮಲಾಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ನೀರು ಕುಡಿಯಲು ಹೋದವಳು ಕುಡಿಯದೆ ಬಂದಳು. ಮತ್ತೆ ಹೋದಳು. ಕೊನೆಗೆ ಡಾಕ್ಟರ ಕೋಣೆಗೇ ನುಗ್ಗಿದಳು.

"ಕಾಮಾಲೆ ಅಂತ ಬಂದೋರ್ಗೆ ಕಿಡ್ನಿ ಹೆಂಗೆ ಕೆಡ್ತು? ಏನ್ ಕೊಟ್ರಿ ನೀವು? ಫೈಲ್ ತೋರ್ಸಿ ಸಾರ್!"

ಡಾಕ್ಟರು ಸಿಟ್ಟಾಗಲಿಲ್ಲ. ಫೈಲನ್ನು ಅವಳತ್ತ ತಿರುಗಿಸಿ, ಬೆರಳಿಟ್ಟು ಒಂದೊಂದೇ ಸಾಲು ಬಿಡಿಸಿ ಹೇಳಿದರು. "ಇಲ್ನೋಡಿ. ನಾಟಿ ಔಷಧಿ ಕೊಟ್ಟಿಲ್ಲ, ಹೆಂಡತಿ ಹೇಳಿಕೆ. ಇದನ್ನ ನಂಬ್ಕೊಂಡು ಬೇರೆ ಕಾರಣ ಹುಡುಕ್ತಿದ್ದೀವಮ್ಮ."

ಅವಳ ಕೈ ಚೀಲದ ಮೇಲೆ ಹೋಯಿತು. ಆಗಲೂ ಮನಸ್ಸು ಒಂದು ಗಳಿಗೆ ಮದ್ದಿನ ಕಡೆಗೇ ವಾಲಿತು: ಇನ್ನೊಂದೇ ಉಂಡೆ, ಕುಡಿಸಿಬಿಟ್ಟರೆ ಎಲ್ಲ ಸರಿಹೋದೀತು. ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೆ ತನಗೇ ಭಯವಾಯಿತು. ಉಂಡೆಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು.

"ಎರಡು ಕೊಟ್ಟೀನಿ ಸಾರ್. ಇದು ಇವತ್ತಿಂದು. ಸುಳ್ಳು ಹೇಳಿದ್ದೆ, ಬರ್ಕಳ್ರಿ."

ಡಾಕ್ಟರು ಪೊಟ್ಟಣ ಹಿಡಿದು ದಡಕ್ಕನೆ ಎದ್ದರು. "ಹೊತ್ತು ಮೀರೋದ್ರೊಳಗೆ ಹೇಳಿದ್ರಲ್ಲ, ಸದ್ಯ" ಎನ್ನುತ್ತಾ ತೇಜಶ್ರೀಯನ್ನು ಕೂಗಿದರು.

ನಿರ್ಮಲಾ ಗಂಡನ ಮಂಚದ ಬಳಿಗೆ ಓಡಿದಳು. "ಹೇಳ್ಬಿಟ್ಟೆ ಕಣ್ರೀ. ಆಣೆ ಮುರಿದುಬಿಟ್ಟೆ."

ಮಾರುತೇಶ ಕಣ್ಣು ಮುಚ್ಚಿಕೊಂಡೇ ಹೇಳಿದ. "ಒಳ್ಳೇದಾತು ಬಿಡು. ಮೊದಲ್ನೇ ದಿನಾನೇ ಹೊಟ್ಟೇಲಿ ಬೆಂಕಿ ಇಟ್ಟಂಗಾಗಿತ್ತು."

"ಅಯ್ಯೋ, ಮತ್ತೆ ನಂಗೆ ಹೇಳ್ಬಾರ್ದಿತ್ತಾ?"

"ನೀನು ಬಾಯಿಗೆ ಹಿಡಿದೆ, ನಾನು ಕುಡಿದೆ. ಇಡೀ ಆಸ್ಪತ್ರೆಗೇ ಪ್ರಶ್ನೆ ಕೇಳ್ದೋಳು, ನನ್ನನ್ನ ಒಂದ್ ಮಾತು ಕೇಳಿದ್ಯಾ?"