ಮಸೂದೆಗೆ ಮುಂಚಿನ ಮದುವೆ

ಒಂಬತ್ತನೆಯ ತರಗತಿಯ ಪೌರನೀತಿಯಲ್ಲಿ ಒಂದು ಪ್ರಶ್ನೆ ಇದೆ: 'ಮಸೂದೆಯು ಕಾಯಿದೆಯಾಗುವ ಹಂತಗಳನ್ನು ವಿವರಿಸಿ.' ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಬೇರೇನೂ ಹೊಳೆಯದಿದ್ದಾಗ ಕೈಗೆ ಸಿಗುವ, ಮಕ್ಕಳು ಉರು ಹೊಡೆದು ಬರೆದು ಮರುಕ್ಷಣವೇ ಮರೆಯುವ ಈ ಐದು ಅಂಕದ ಪ್ರಶ್ನೆಯನ್ನು ಪಾಂಡವಪುರದ ಪ್ರೌಢಶಾಲೆಯೊಂದರಲ್ಲಿ ನಾನು ಎಷ್ಟು ವರ್ಷ ಬೋಧಿಸಿದ್ದೇನೆಂದರೆ, ಗಾಢನಿದ್ರೆಯಿಂದ ಎಬ್ಬಿಸಿ ಕೇಳಿದರೂ ಮೊದಲ ವಾಚನ, ಎರಡನೆಯ ವಾಚನ, ಮೂರನೆಯ ವಾಚನ ಎಂದು ಒಪ್ಪಿಸಿ ಮಗ್ಗುಲು ಬದಲಿಸಿಯೇನು. ಮಜವೆಂದರೆ, ನಾನು ಒಂದು ಮಸೂದೆಯನ್ನೂ ಕಣ್ಣಾರೆ ಕಂಡವಳಲ್ಲ. ವಿಧಾನಸೌಧವನ್ನು ಕಂಡದ್ದು ಶಾಲಾ ಪ್ರವಾಸದಲ್ಲಿ, ಅದೂ ಹೊರಗಿನಿಂದ, ಅದೂ ವಾಂತಿ ಮಾಡಿಕೊಳ್ಳುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಬೆನ್ನು ನೀವುತ್ತ.

ಮಕ್ಕಳ ತಲೆಗೆ ಹತ್ತಲೆಂದು ನಾನೊಂದು ಹೋಲಿಕೆಯನ್ನು ಕಟ್ಟಿಕೊಂಡಿದ್ದೆ. ಮಸೂದೆಯೆಂದರೆ ಮದುವೆಗೆ ಬಂದ ಹೆಣ್ಣು. ಮೊದಲ ವಾಚನವೆಂದರೆ ಬರೀ ನೋಡಿಕೊಂಡು ಹೋಗುವುದು. ಎರಡನೆಯದು ಕುಲ, ನಡತೆ, ಗುಣದೋಷಗಳ ವಿಚಾರಣೆ. ಪರಿಶೀಲನಾ ಸಮಿತಿಯೆಂದರೆ ಉಪ್ಪಿಟ್ಟು ತಿಂದು 'ಊರಿಗೆ ಹೋಗಿ ತಿಳಿಸುತ್ತೇವೆ' ಎನ್ನುವ ಹಿರಿಯರು. ಕೊನೆಯ ಅಂಕಿತವೇ ಧಾರೆ. ಹುಡುಗರು ನಗುತ್ತಿದ್ದರು, ಹುಡುಗಿಯರು ತಲೆ ತಗ್ಗಿಸುತ್ತಿದ್ದರು, ನಾನು ನನ್ನ ಅಧ್ಯಾಪನಪ್ರತಿಭೆಗೆ ನಾನೇ ಮಾರುಹೋಗಿ ಸೀಮೆಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದೆ. ಈಗ ಆ ಹೋಲಿಕೆಯನ್ನು ಬಳಸುವುದಿಲ್ಲ. ಯಾಕೆ ಬಿಟ್ಟೆನೆಂಬುದನ್ನೇ ನಿಮ್ಮೊಡನೆ ಹೇಳಿಕೊಳ್ಳಬೇಕೆಂದು ಕುಳಿತಿದ್ದೇನೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಕ್ಕೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಕೊಡುವ ಮಸೂದೆಯೊಂದು ನಮ್ಮ ರಾಜ್ಯದ ಎರಡೂ ಸದನಗಳನ್ನು ದಾಟಿ, ರಾಷ್ಟ್ರಪತಿಗಳ ಅಂಕಿತಕ್ಕೆಂದು ದೆಹಲಿಗೆ ಹೋಗಿ ಕೂತಿತ್ತು. ಪತ್ರಿಕೆಯಲ್ಲಿ ಓದಿ ನಾನು ಹಿಗ್ಗಿದೆ. ಮುಂದಿನ ಸಾಲು ಓದಿ ಕುಗ್ಗಿದೆ. ಕಾಯಿದೆ ಜಾರಿಗೆ ಬರುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಇದು ಅನ್ವಯಿಸುವುದಿಲ್ಲವೆಂದು ಅಲ್ಲಿ ಬರೆದಿತ್ತು. ಮದುವೆಯಾಗಿ ಹಳಬಳಾಗಿದ್ದ ನಾನು ಬಾಗಿಲಾಚೆ ಉಳಿದೆ. ಹೋಗಲಿ ಬಿಡಿ, ನನಗೇನು ಸಂಬಳವಿದೆ, ಸಿಡುಕಲು ಗಂಡನಿದ್ದಾನೆ ಎಂದು ಸಮಾಧಾನ ಮಾಡಿಕೊಂಡೆ.

ಆದರೆ ಆ ಒಂದು ಸಾಲು ಕೃಷ್ಣರಾಜಪೇಟೆಯ ಬಸ್ ಸ್ಟ್ಯಾಂಡಿನ ಹೋಟೆಲುಗಳಲ್ಲಿ ಬೋಂಡದ ಜೊತೆ ಹಂಚಿಕೆಯಾಗಿ, ಬೆಳಗಿನ ಡೈರಿಯ ಹಾಲಿನ ಸಾಲಿನಲ್ಲಿ ನಿಂತು, ಶೀಳನೆರೆ, ಸಿಂಧಘಟ್ಟಗಳ ಜಗಲಿಗಳನ್ನು ಹತ್ತಿದ ವೇಗವನ್ನು ನೋಡಬೇಕಿತ್ತು! ವರ್ಷವಿಡೀ ಬಡಿದುಕೊಂಡರೂ ನನ್ನ ವಿದ್ಯಾರ್ಥಿಗಳ ತಲೆಗೆ ಇಳಿಯದ ಶಾಸನಪ್ರಕ್ರಿಯೆಯನ್ನು, ತಮ್ಮ ಕ್ಷೇತ್ರದ ಶಾಸಕ ಯಾವ ಪಕ್ಷದಲ್ಲಿದ್ದಾನೆಂದು ನೆನಪಿಡಲಾಗದ ಜನ ಕರತಲಾಮಲಕ ಮಾಡಿಕೊಂಡರು. ಅವರು ತಿಳಿದದ್ದು ಇಷ್ಟೇ: ರುಜು ಬೀಳುವುದರೊಳಗೆ ಮಗಳನ್ನು ದಾಟಿಸಿಬಿಟ್ಟರೆ ಗದ್ದೆ ಉಳಿಯಿತು. ಹೆಣ್ಣಿಗೆ ನ್ಯಾಯ ಕೊಡಲು ಹೊರಟ ಮಸೂದೆಯೊಂದು, ಇನ್ನೂ ಕಾಯಿದೆಯೂ ಆಗದೆ, ಬರೀ ಬರುತ್ತೇನೆಂಬ ಸುದ್ದಿಯಿಂದಲೇ ಹೆಣ್ಣುಮಕ್ಕಳನ್ನು ಓದುತ್ತಿದ್ದ ಬೆಂಚುಗಳಿಂದ ಎಬ್ಬಿಸತೊಡಗಿತು. ನನ್ನ ಹತ್ತನೆಯ ತರಗತಿಯಲ್ಲೇ ಆ ವರ್ಷ ಹುಡುಗಿಯರ ಸಾಲು ತೆಳುವಾಯಿತು. ಹಾಜರಿ ಪುಸ್ತಕದಲ್ಲಿ ಒಂದೊಂದೇ ಹೆಸರಿನ ಮೇಲೆ ಗೆರೆ ಎಳೆಯುತ್ತ ಹೋದೆ.

ಶೀಳನೆರೆಯಲ್ಲಿ ನನ್ನ ಚಿಕ್ಕಪ್ಪನಿದ್ದ. ನಾಲೆಯ ಬಯಲಿನಲ್ಲಿ ಒಳ್ಳೆಯ ಗದ್ದೆ, ಎರಡು ಸೀಮೆಹಸು, ಒಬ್ಬ ಮಗ, ಒಬ್ಬಳು ಮಗಳು. ಕೆಟ್ಟವನಲ್ಲ, ನನಗೆ ನಡೆಯಲು ಬರುವ ಮೊದಲೇ ಹೆಗಲ ಮೇಲೆ ಕೂರಿಸಿಕೊಂಡು ಊರು ತೋರಿಸಿದವನು, ಟೀಚರು ಕೆಲಸ ಸಿಕ್ಕಾಗ ಊರಿಗೆಲ್ಲ ಸಕ್ಕರೆ ಹಂಚಿದವನು. ಮಗಳು ಪ್ರಮೀಳ ಕೃಷ್ಣರಾಜಪೇಟೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಳು. ಬಸ್ಸಿನಲ್ಲಿ ನಿಂತೇ ಓದುವ, ಕಪ್ಪೆ ಕೊಯ್ಯಲು ಹೇಸದ, ಉತ್ತರ ಗೊತ್ತಿದ್ದರೂ ಕೇಳಿದರೆ ಮಾತ್ರ ಹೇಳುವ ಹುಡುಗಿ. ಒಂದು ಭಾನುವಾರ ಅವಳು ಪಾಂಡವಪುರಕ್ಕೆ ಬಂದು, ಬಾಗಿಲಲ್ಲೇ ನಿಂತು, "ಅಕ್ಕ, ಅಪ್ಪಂಗೆ ನೀನಾರ ಏಳು. ಪರೀಕ್ಷೆ ಗಂಟ ತಡೀಲಿ ಸಾಕು" ಅಂದಳು. ಮದುವೆ ಆಷಾಢದಲ್ಲಿ ನಿಶ್ಚಯವಾಗಿತ್ತು.

ಆಷಾಢದಲ್ಲಿ! ಹೊಸ ಪೊರಕೆ ಕೊಳ್ಳಲೂ ಶ್ರಾವಣ ಬರಲೆಂದು ಕಾಯುವ, ಹೊಸ ಸೊಸೆಯನ್ನು ಆ ತಿಂಗಳು ತವರಿಗಟ್ಟಿ ಅತ್ತೆಯ ಕಣ್ಣಿಗೂ ಬೀಳದಂತೆ ಕಾಪಾಡುವ ಸೀಮೆ ನಮ್ಮದು. ನಾನು ಅದೇ ಸಂಜೆ ಬಸ್ಸು ಹತ್ತಿ ಹೋಗಿ ಜಗಲಿಯಲ್ಲಿ ನಿಂತು ಜಗಳ ತೆಗೆದೆ. ದೆಹಲಿಯಲ್ಲಿ ರುಜು ಬೀಳಲು ವರ್ಷಗಟ್ಟಲೆ ಆಗಬಹುದು, ಬೀಳದೆಯೂ ಇರಬಹುದು, ಇಂಥ ತಿಂಗಳಲ್ಲಿ ಯಾರಾದರೂ ಲಗ್ನ ಮಾಡುತ್ತಾರೆಯೇ ಎಂದು ಕೂಗಾಡಿದೆ. ಚಿಕ್ಕಪ್ಪ ನಿಧಾನವಾಗಿ ಎಲೆಗೆ ಸುಣ್ಣ ಸವರಿದ.

"ಆಸಾಡ ವರ್ಸ ವರ್ಸ ಬತ್ತದೆ ಕಣವ್ವ. ಗದ್ದೆ ಓದ್ರೆ ತಿರ್ಗಾ ಬಂದಾದಾ? ಬಿಲ್ಲು ಆಗ್ನಿಲ್ಲ ಅಂದ್ರೆ ಬುಡು, ನಂಗೇನು ಲುಕ್ಸಾನು? ಮದ್ವೆ ಆದಂಗಾಯ್ತು, ಅಷ್ಟೇಯ."

ಒಳಗಿನಿಂದ ಪ್ರಮೀಳ ನೋಡುತ್ತಿದ್ದಳು. ನಾನು ಸೋತೆ. ವಾದದಲ್ಲಿ ಸೋತಿದ್ದರೆ ತಡೆದುಕೊಳ್ಳಬಹುದಿತ್ತು. ಚಿಕ್ಕಪ್ಪ ವಾದವನ್ನೇ ಮಾಡದೆ ಕಾಫಿ ತರಿಸಿದ.

ಊರ ಪುರೋಹಿತರು ಪಂಚಾಂಗ ಮಡಚಿಟ್ಟು ಒಲ್ಲೆನೆಂದರು. ಶ್ರೀರಂಗಪಟ್ಟಣದ ಕಡೆಯ ಇನ್ನೊಬ್ಬರು ಅದೇ ಪಂಚಾಂಗವನ್ನು ಇನ್ನಷ್ಟು ಉದಾರವಾಗಿ ಬಿಡಿಸಿ ಆಪದ್ಧರ್ಮವನ್ನು ಕಂಡುಹಿಡಿದರು. ಶಾಸನಕ್ಕೊಂದು ತಿದ್ದುಪಡಿ ತರಲು ಸರ್ಕಾರಗಳು ತಿಣುಕುತ್ತವೆ, ಶಾಸ್ತ್ರಕ್ಕೆ ಅಷ್ಟೆಲ್ಲ ತಾಪತ್ರಯವಿಲ್ಲ. ಹೊಳೆಯಂಚಿನ ಒಂದು ಪುಟ್ಟ ಗುಡಿಯ ಮುಂದೆ ಧಾರೆ ನಡೆಯಿತು. ನೋಡಿದವರು ಏನಂದಾರೆಂದು ಲಗ್ನಪತ್ರಿಕೆ ಅಚ್ಚಾಗಲಿಲ್ಲ, ಫೋಟೋದವನನ್ನು ಕರೆಯಲಿಲ್ಲ, ವಾಲಗವಿರಲಿಲ್ಲ. ನಾಗಮಂಗಲದ ಕಡೆಯ ಗಂಡು. ತೆಂಗಿನ ತೋಟ, ಟ್ರಾಕ್ಟರು ಇದೆಯೆಂದು ಗೊತ್ತಾಗಿತ್ತು, ಬೇರೆ ಏನನ್ನೂ ವಿಚಾರಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ಕೆಳಗಿನ ಮೆಟ್ಟಿಲುಗಳಲ್ಲಿ ಯಾರೋ ತಲೆ ಬೋಳಿಸಿಕೊಂಡು ಅಸ್ಥಿ ಬಿಡುತ್ತಿದ್ದರು. ಅವರ ಕಡೆಯ ಜನವೇ ಹೆಚ್ಚಿದ್ದರು. ನಾನು ಹೋಗಬಾರದೆಂದುಕೊಂಡಿದ್ದವಳು ಪ್ರಮೀಳಳ ಮುಖ ನೆನೆದು ಹೋದೆ, ಹೋಗಿ ಒಂದು ಮೂಲೆಯಲ್ಲಿ ನಿಂತು ಅತ್ತೆ.

ಇಷ್ಟೆಲ್ಲ ಆದ ಮೇಲೆ ಮಸೂದೆ ಏನಾಯಿತೆಂದು ಕೇಳುವಿರಾ? ಏನೂ ಆಗಲಿಲ್ಲ. ಅದು ದೆಹಲಿಯಲ್ಲಿ ಸುಖವಾಗಿ ಪರಿಶೀಲನೆಯಲ್ಲಿತ್ತು. ಆ ಪದದ ಮೇಲೆ ನನಗೆ ಹುಟ್ಟಿದ ದ್ವೇಷ ಇಂದಿಗೂ ಆರಿಲ್ಲ. ಅವಸರದಲ್ಲಿ ಗಂಡನ ಮನೆ ಸೇರಿದ ಹುಡುಗಿಯರ ಮಕ್ಕಳು ಅಂಗನವಾಡಿಗೆ ಹೋಗುವ ಹೊತ್ತಿಗೂ ಅದು ಪರಿಶೀಲನೆಯಲ್ಲೇ ಇತ್ತು. ಪ್ರಮೀಳ ನೆಮ್ಮದಿಯಾಗಿ ಓದಿ, ಪರೀಕ್ಷೆ ಬರೆದು, ಪದವಿ ಮುಗಿಸಿ, ಬೇಕಿದ್ದರೆ ಸಾವಧಾನವಾಗಿ ಗಂಡು ನೋಡಿ ಒಲ್ಲೆನೆನ್ನುವಷ್ಟು ಕಾಲ.

ಅವಳಿಗೆ ಹೆಣ್ಣು ಹುಟ್ಟಿತು. ಮಗು ಮಾತು ಕಲಿಯುವಷ್ಟರಲ್ಲಿ ಗಂಡ ಇನ್ನೊಂದು ಮದುವೆಯಾದ. ಈ ಸಲ ಶುಭಮಾಸ, ಛತ್ರ, ವಾಲಗ, ವಿಡಿಯೋ ಎಲ್ಲ ಇತ್ತು. ಮಗುವನ್ನೆತ್ತಿಕೊಂಡು ತವರಿಗೆ ಬಂದವಳನ್ನು ಚಿಕ್ಕಪ್ಪ ಒಳಗೆ ಸೇರಿಸಿಕೊಂಡ, ಹಿತ್ತಲ ಕಡೆಯ ಕೋಣೆ ಕೊಟ್ಟ, ಮಾತು ಬಿಟ್ಟ. ತನ್ನದಾಗಬಹುದಾಗಿದ್ದ ಗದ್ದೆಯಲ್ಲಿ ಅವಳು ಕಳೆ ಕಿತ್ತು ಊಟ ಮಾಡುತ್ತಿದ್ದಳು. ಅಷ್ಟರಲ್ಲಿ, ಯಾರೂ ಕಾಯದೆ ಇದ್ದ ಹೊತ್ತಿನಲ್ಲಿ, ಆ ಮಸೂದೆಗೆ ರುಜು ಬಿದ್ದು ಕಾಯಿದೆಯಾಯಿತು. ನಾನು ಪತ್ರಿಕೆಯನ್ನು ಓದಿ ಮುಗಿಸಲಾಗದೆ ಮಡಚಿಟ್ಟೆ.

ಪ್ರಮೀಳ ಮಾತ್ರ ಅದನ್ನು ಪೂರ್ತಿ ಓದಿದ್ದಳು. ನಾಗಮಂಗಲದ ನ್ಯಾಯಾಲಯದಲ್ಲಿ ಕೇಸು ಹಾಕಿದಳು: ಜೀವನಾಂಶ ಬೇಕು, ಮಗಳಿಗೆ ತಂದೆಯ ಹೆಸರು ಬೇಕು, ಆ ಮನೆಯ ಆಸ್ತಿಯಲ್ಲಿ ಮಗಳ ಪಾಲು ಬೇಕು. ಗಂಡನ ಕಡೆಯವರು ಕೊಟ್ಟ ಉತ್ತರ ಕೇಳಿದರೆ ನಿಮಗೂ ನಗು ಬಂದೀತು, ಆಮೇಲೆ ಬೇರೇನೋ ಬಂದೀತು. ಈ ಹೆಂಗಸಿನೊಡನೆ ಮದುವೆಯೇ ಆಗಿಲ್ಲ. ಪತ್ರಿಕೆ ಎಲ್ಲಿ, ಫೋಟೋ ಎಲ್ಲಿ? ಅದಕ್ಕಿಂತ ಹೆಚ್ಚಾಗಿ, ಆಷಾಢದಲ್ಲಿ ಯಾವ ಮರ್ಯಾದಸ್ಥ ಒಕ್ಕಲು ಮನೆತನ ಮಗಳನ್ನು ಧಾರೆಯೆರೆದು ಕೊಡುತ್ತದೆ? ಲಗ್ನ ಮಾಡಿಸಿದ ಪುರೋಹಿತರು ತೀರಿಕೊಂಡಿದ್ದರು. ನನ್ನ ಸಾಕ್ಷಿ ಅಕ್ಕನ ಸಾಕ್ಷಿ, ತೂಕ ಸಾಲದು. ಧಾರೆಯೆರೆದ ತಂದೆಯೇ ಬಂದು ಹೇಳಬೇಕು ಅಂದರು ವಕೀಲರು. ಚಿಕ್ಕಪ್ಪನೋ, ಕೋರ್ಟಿನ ಮೆಟ್ಟಿಲು ಹತ್ತಿದರೆ ವಂಶದ ಮಾನ ಹೋಗುತ್ತದೆಂದು ಮುಖ ತಿರುಗಿಸಿದ್ದ.

ನಾನು ಅವನ ಕಾಲು ಹಿಡಿಯಲೂ ಸಿದ್ಧಳಾಗಿ ಶೀಳನೆರೆಗೆ ಹೋದೆ. ಪ್ರಮೀಳ ನನ್ನನ್ನು ತಡೆದಳು. ಮಗುವಿನ ತಲೆ ಬಾಚುತ್ತ ಕೂತಿದ್ದವಳು ಬಾಚಣಿಗೆ ನಿಲ್ಲಿಸದೆಯೇ ತಂದೆಯ ಕಡೆ ತಿರುಗಿದಳು.

"ಬ್ಯಾಡ ಬುಡಪ್ಪ, ನೀನು ಬರ್ಬ್ಯಾಡ. ಮದ್ವೆ ಆಗಿಲ್ಲ ಅಂತ್ಲೇ ಕೋರ್ಟು ಏಳ್ಲಿ. ಆಗ್ದಿದ್ದೋಳು ಅಂದ್ರೆ ಕಾನೂನ್ನಾಗೆ ನಂಗೆ ಈ ಗದ್ದೇಲಿ ಪಾಲು ಬತ್ತದಂತೆ. ತಮ್ಮುನ್ ಸಮಕ್ಕೆ."

ಚಿಕ್ಕಪ್ಪ ಅವಳನ್ನು ನೋಡಿದ. ಅವಳು ಜಡೆ ಹಾಕಿ ಮುಗಿಸಿ, ಹಲ್ಲಿನಲ್ಲಿ ಹಿಡಿದಿದ್ದ ಟೇಪು ಕಟ್ಟಿದಳು.

ವಾಯಿದೆಯ ದಿನ ಚಿಕ್ಕಪ್ಪ ಎಲ್ಲರಿಗಿಂತ ಮೊದಲು ಬಂದು ಕೋರ್ಟಿನ ಬೇವಿನ ಮರದ ಕೆಳಗೆ ನಿಂತಿದ್ದ, ಒಗೆದ ಪಂಚೆ, ಹೆಗಲ ಮೇಲೆ ಹೊಸ ಟವೆಲು. ಕಟಕಟೆ ಹತ್ತಿ ಅವನು ಹೇಳಿದ ಸಾಕ್ಷಿಯನ್ನು ಕೇಳಿ ನಾನು ಬೆರಗಾದೆ. ಸೀರೆಯ ಅಂಚಿನ ಬಣ್ಣ, ಧಾರೆಯ ಚೊಂಬು ಯಾರ ಮನೆಯದು, ಮಗಳ ಕೈ ಎಷ್ಟು ತಣ್ಣಗಿತ್ತು, ಕೆಳಗಿನ ಮೆಟ್ಟಿಲಿನಲ್ಲಿ ಅಸ್ಥಿ ಬಿಡುತ್ತಿದ್ದವರು ಎದ್ದು ನಿಂತು ಅಕ್ಷತೆ ಕೇಳಿ ಪಡೆದು ಹಾಕಿದ್ದು, ಒಂದನ್ನೂ ಮರೆತಿರಲಿಲ್ಲ. ಇಷ್ಟು ವರ್ಷ ಆ ದಿನವನ್ನು ಅವನು ಎಲ್ಲಿ ಬಚ್ಚಿಟ್ಟುಕೊಂಡಿದ್ದನೋ! "ನನ್ ಕೈಯಾರ ಎರ್ದಿವ್ನಿ ಸ್ವಾಮಿ" ಎಂದು ಎರಡೂ ಕೈ ಮುಂದೆ ಚಾಚಿ ತೋರಿಸಿದ.

ಎದುರು ಪಕ್ಷದ ವಕೀಲರು ಎದ್ದು ನಿಂತರು. "ಎಲ್ಲಾ ಸರಿ ಗೌಡರೇ. ಆಷಾಢದಲ್ಲಿ, ಯಾರಿಗೂ ತಿಳಿಸದೆ, ಓದ್ತಾ ಇದ್ದ ಹುಡುಗಿಗೆ ಅಷ್ಟು ಅವಸರವಾಗಿ ಮದುವೆ ಮಾಡೋ ಅಂಥ ಕಾರಣ ಏನಿತ್ತು? ಅದೊಂದು ಹೇಳಿಬಿಡಿ."

ಚಿಕ್ಕಪ್ಪ ಟವೆಲಿನಿಂದ ಬಾಯಿ ಒರೆಸಿಕೊಂಡ. ನ್ಯಾಯಾಧೀಶರನ್ನು ನೋಡಿದ, ನೆಲ ನೋಡಿದ, ಬೆಂಚಿನ ಮೇಲೆ ಮಗುವನ್ನು ತೊಡೆಗೆ ಒತ್ತಿಕೊಂಡು ಕೂತಿದ್ದ ಮಗಳ ಕಡೆಗೆ ಮಾತ್ರ ನೋಡಲಿಲ್ಲ. ಸುಳ್ಳು ಹೇಳಲು ಜಾಗವಿರಲಿಲ್ಲ. ಬೇರೆ ಯಾವ ಕಾರಣ ಕೊಟ್ಟರೂ ಆಷಾಢದ ಆ ಮದುವೆಯನ್ನು ಯಾರೂ ನಂಬುತ್ತಿರಲಿಲ್ಲ.

"ಬಿಲ್ಲು ಬತ್ತದೆ ಅಂದ್ರು ಸ್ವಾಮಿ," ಅಂದ. "ಇವ್ಳಿಗೆ ಪಾಲು ಓಗ್ಬಾರ್ದು ಅಂತ ಮಾಡ್ದೆ."

ಬೆರಳಚ್ಚುಗಾರ ಅದನ್ನು ಹಾಗೆಯೇ ಟೈಪು ಮಾಡಿದ. ನ್ಯಾಯಾಧೀಶರು ಓದಿಸಿ ಕೇಳಿ, ಸರಿಯಿದೆಯೇ ಎಂದು ವಿಚಾರಿಸಿದರು. ಚಿಕ್ಕಪ್ಪ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದ. ಆ ಒಂದು ಮಾತಿನಿಂದ ನನ್ನ ತಂಗಿಯ ಮದುವೆ ಸಾಬೀತಾಯಿತು.